ಸೇಡಂ ದಾರಿಗೆ ವೈದ್ಯರನ್ನು ಕೊಡುವವರಾರು?

ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ವಿಶೇಷ ಬಲಿಪೂಜೆ ನಡೆಯುತ್ತದೆ. ವಿಶ್ವಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಘೋಷಿಸಿ, 1993ರಿಂದ ಆಚರಣೆಗೆ ಬಂದ ವಿಶ್ವ ರೋಗಿಗಳ ದಿನವದು. ಅಶಕ್ತರನ್ನೂ ವೃದ್ಧರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ ತೈಲಲೇಪನ ಸಂಸ್ಕಾರ ನೀಡಲಾಗುತ್ತದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ವೈದ್ಯರನ್ನೂ ದಾದಿಯರನ್ನೂ ಹೆಸರಿಸಿ ದೇವರ ಕೈಗೊಪ್ಪಿಸುತ್ತೇವೆ. ಒಳ್ಳೆಯ ಸಂಪ್ರದಾಯ. ಆದರೆ ನಾವು ಯಾರಿಗಾಗಿ ಪ್ರಾರ್ಥಿಸುತ್ತೇವೆಯೋ ಆ ವೈದ್ಯರು ಎಲ್ಲಿದ್ದಾರೆ, ಎಲ್ಲಿ ಇಲ್ಲ ಎಂಬ ಪ್ರಶ್ನೆಯನ್ನು ಆ ದಿನ ಯಾರೂ ಕೇಳುವುದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪ್ರಶ್ನೆಯನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಬಯಸುತ್ತೇವೆ.

ಈ ಐದು ಊರುಗಳ ಪೈಕಿ ಮೂರು ಒಂದೇ ರೈಲು ಹಾದಿಯ ಮೇಲಿವೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನಿಂದ ವಾಡಿಯವರೆಗೆ ಹಳಿ ಹಾಕಲಾಯಿತು. ಆ ಹಾದಿ ತಾಂಡೂರು ದಾಟಿ ಸೇಡಂ, ಮಳಖೇಡ, ಚಿತ್ತಾಪುರಗಳ ಮೂಲಕ ವಾಡಿ ಜಂಕ್ಷನ್ನಿಗೆ ಬಂದು ಮುಂಬಯಿ ಮಾರ್ಗವನ್ನು ಸೇರುತ್ತದೆ. ಶಹಾಬಾದ್ ಆ ಮುಂಬಯಿ ಮಾರ್ಗದ ಮೇಲಿದೆ. ಚಿಂಚೋಳಿ ಮಾತ್ರ ಹಳಿಯಿಂದ ದೂರ ಉತ್ತರಕ್ಕೆ, ಕೊಂಚಾವರಂ ಕಾಡಿನ ಮಗ್ಗುಲಲ್ಲಿ ಉಳಿದುಕೊಂಡಿದೆ. ಸೀಮೆಯೆಲ್ಲ ಸುಣ್ಣದಕಲ್ಲಿನ ನೆಲ. ಮನೆಮನೆಗೆ ಹಾಸಿದ ಶಹಾಬಾದ್ ಕಲ್ಲು ಇಲ್ಲಿಯದೇ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿನ ಮೇಲೆಯೇ. ಕಲ್ಲಿನ ಮೇಲಿನ ಕಪ್ಪು ಮಣ್ಣಿನಲ್ಲಿ ತೊಗರಿ ಬೆಳೆಯುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗ ತೊಗರಿ ಅದು. ಜನರ ಬಾಯಲ್ಲಿ ಕನ್ನಡ, ಉರ್ದು, ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಒಬ್ಬ ವೈದ್ಯ ಒಂದೇ ಬೆಳಗಿನಲ್ಲಿ ನಾಲ್ಕೂ ಭಾಷೆಗಳಲ್ಲಿ ಹೊಟ್ಟೆನೋವಿನ ವಿವರ ಕೇಳಬೇಕಾದ ಸೀಮೆ.

ಇಂಥ ಸೀಮೆಯಲ್ಲಿ ಕಾಯಿಲೆಗಳೂ ನೆಲದ ಗುಣವನ್ನೇ ಹೊತ್ತುಬರುತ್ತವೆ. ಮುಂಗಾರಿನಲ್ಲಿ ತೊಗರಿ ಹೊಲಕ್ಕೆ ಕಳೆ ತೆಗೆಯಲು ಬಗ್ಗಿದ ಹೆಣ್ಣುಮಗಳನ್ನು ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಗಂಟೆಗಳ ಲೆಕ್ಕ ಆರಂಭವಾಗುತ್ತದೆ. ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ಔಷಧ ಇಲ್ಲವೆಂದಲ್ಲ. ಪ್ರತಿವಿಷದ ಚುಚ್ಚುಮದ್ದು ಇದೆ. ಆದರೆ ಆ ಮದ್ದು ಕೆಲವರ ದೇಹಕ್ಕೆ ಒಗ್ಗದೆ ರಕ್ತದೊತ್ತಡ ಕುಸಿಯುವ, ಉಸಿರು ಕಟ್ಟುವ ಅಪಾಯವೂ ಇದೆ. ಅದನ್ನು ಎದುರಿಸುವ ಧೈರ್ಯ ಮತ್ತು ಅಭ್ಯಾಸ ಇರುವ ವೈದ್ಯ ಪಕ್ಕದಲ್ಲಿ ಇರಬೇಕು. ಹೊಸದಾಗಿ ಬಂದ, ಒಬ್ಬಂಟಿಯಾದ ತರುಣ ವೈದ್ಯ ಏನು ಮಾಡುತ್ತಾನೆ? ಕಲಬುರಗಿಗೆ ಒಯ್ಯಿರಿ ಎಂದು ಚೀಟಿ ಬರೆದುಕೊಡುತ್ತಾನೆ. ಸೇಡಂನಿಂದ ಕಲಬುರಗಿ ಐವತ್ತು ಕಿಲೋಮೀಟರಿಗೂ ಮೇಲೆ. ಚಿಂಚೋಳಿಯಿಂದ ಎಂಬತ್ತರ ಆಸುಪಾಸು. ವಿಷಕ್ಕೆ ಅಷ್ಟು ತಾಳ್ಮೆಯಿಲ್ಲ.

ಕಲ್ಲಿನ ಕೆಲಸದವರ ಎದೆಯ ಕಾಯಿಲೆ ಇಷ್ಟು ಅವಸರದ್ದಲ್ಲ, ಆದ್ದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ. ಕಲ್ಲು ಕತ್ತರಿಸುವಲ್ಲಿ, ಒಡೆಯುವಲ್ಲಿ, ಪುಡಿಮಾಡುವಲ್ಲಿ ಏಳುವ ದೂಳಿನೊಳಗೆ ಸಿಲಿಕಾ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಅದು ಶ್ವಾಸಕೋಶದಲ್ಲಿ ಗಾಯದ ಕಲೆಗಳನ್ನು ಉಳಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಕ್ಷಯ ತಗಲುವ ಸಂಭವವನ್ನೂ ಅದು ಹೆಚ್ಚಿಸುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಎರಡೂ ಒಂದರಂತೆ ಮತ್ತೊಂದು ಕಾಣುವುದರಿಂದ ಕ್ಷಯದ ಮಾತ್ರೆಗಳನ್ನೇ ನುಂಗಿ ನುಂಗಿ ಸೋತ ಕಾರ್ಮಿಕರು ದೇಶದ ಎಲ್ಲ ಕಲ್ಲುಗಣಿ ಸೀಮೆಗಳಲ್ಲೂ ಇದ್ದಾರೆ. ರಾಜಸ್ಥಾನ ಸರ್ಕಾರ 2019ರಲ್ಲಿ ಇಂಥವರಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ತರಬೇಕಾಯಿತು. ಇಟಲಿಯ ಬರ್ನಾರ್ಡಿನೊ ರಾಮಾಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಮೇಲೆ ಬರೆದ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ ನಿನ್ನ ಕಸುಬು ಯಾವುದು ಎಂಬ ಇನ್ನೊಂದನ್ನೂ ಸೇರಿಸಿಕೊಳ್ಳಬೇಕೆಂದು ಹೇಳಿದ. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ಕೇಳಲು ಪುರಸೊತ್ತಿರುವ ವೈದ್ಯರು ವಿರಳ. ಬಾಗಿಲಲ್ಲಿ ನೂರು ಜನ ಕಾಯುತ್ತಿರುವಾಗ ಯಾರು ತಾನೇ ಕೇಳಿಯಾರು?

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಇದು ಇಡೀ ರಾಜ್ಯದ ಲೆಕ್ಕ. ಚಿಂಚೋಳಿಯ ತಾಂಡಾಗಳಿಂದ ವರ್ಷದ ಕೆಲವು ತಿಂಗಳು ದುಡಿಮೆಗಾಗಿ ಊರು ಬಿಟ್ಟು ಹೋಗುವ ತುಂಬು ಬಸುರಿಯರ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ಹೇಳುವುದು ನ್ಯಾಯವಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದವು. ಅನಂತರ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಬಂದಿತು. ಕಲಬುರಗಿ ನಗರದಲ್ಲಿ 1963ರಿಂದಲೇ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ. ಈಚಿನ ವರ್ಷಗಳಲ್ಲಿ ಕಾರ್ಮಿಕ ವಿಮಾ ನಿಗಮದ ಭಾರಿ ಆಸ್ಪತ್ರೆ ಮತ್ತು ಕಾಲೇಜು, ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಲ್ಲವೂ ಬಂದಿವೆ. ಆದರೆ ವೈದ್ಯರು ನಗರದಲ್ಲಿ ಸೇರಿಕೊಳ್ಳುತ್ತಾರೆ, ರೋಗಿಗಳು ತಾಲ್ಲೂಕುಗಳಲ್ಲಿ ಉಳಿಯುತ್ತಾರೆ. ನಗರಕ್ಕೆ ಬಂದವರೂ ಅಲ್ಲಿಗೇ ನಿಲ್ಲುವುದಿಲ್ಲ. ಸ್ವಲ್ಪ ಗಂಭೀರವಾಯಿತೆಂದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಡುತ್ತಾರೆ. 2020ರ ಮಾರ್ಚ್ 10ರಂದು ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು. ಹೈದರಾಬಾದಿಗೆ ಹೋಗಿ ಮರಳುವ ದಾರಿಯಲ್ಲಿ ಅವರ ಪ್ರಾಣ ಹೋಯಿತೆಂಬುದನ್ನು ಈ ಭಾಗದವರು ಮರೆತಿರಲಾರರು. ದಾರಿಯಲ್ಲಿ ಸಾಯುವುದು ಈ ಸೀಮೆಗೆ ಹೊಸತಾಗಿರಲಿಲ್ಲ.

ಸೇಡಂ ಮೂಲಕ ಹಾದುಹೋಗುವ ಆ ರೈಲು ಹಾದಿಯ ಇನ್ನೊಂದು ತುದಿಯಾದ ಸಿಕಂದರಾಬಾದಿನಲ್ಲಿ ನಮ್ಮದೇ ಒಂದು ಸಂಸ್ಥೆಯ ಕೇಂದ್ರ ಕಚೇರಿ ಇದೆ. ಭಾರತೀಯ ಕಥೋಲಿಕ ಆರೋಗ್ಯ ಸಂಘ. ದೇಶದಾದ್ಯಂತ 3,500ಕ್ಕೂ ಹೆಚ್ಚು ಆಸ್ಪತ್ರೆಗಳು, ಚಿಕಿತ್ಸಾಲಯಗಳು ಮತ್ತು ಆರೋಗ್ಯ ಕೇಂದ್ರಗಳು ಅದರ ಸದಸ್ಯ ಸಂಸ್ಥೆಗಳು. ಅದು ಹುಟ್ಟಿದ ಬಗೆಯನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಧರ್ಮೋಪದೇಶದ ತರಗತಿಗಳಲ್ಲಿ ಅದು ಬರುವುದನ್ನು ನಾವು ಕಂಡಿಲ್ಲ.

ವೈದ್ಯಕೀಯ ಸೇವೆಯ ಈ ಹಾದಿಯಲ್ಲಿ ಪ್ರೊಟೆಸ್ಟೆಂಟ್ ಸಹೋದರರು ನಮಗಿಂತ ಮುಂದಿದ್ದರು. ಅವರ ವೈದ್ಯ ಮಿಷನರಿಗಳು 1905ರಲ್ಲಿಯೇ ಒಂದು ಸಂಘ ಕಟ್ಟಿಕೊಂಡರು. ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಅಸೋಸಿಯೇಶನ್ ಆಫ್ ಇಂಡಿಯಾ ಅದರ ಮುಂದುವರಿಕೆ. ವೆಲ್ಲೂರಿನಲ್ಲಿ ಐಡಾ ಸ್ಕಡ್ಡರ್ ಕೆಲಸ ಆರಂಭಿಸಿದ್ದು 1900ರಲ್ಲಿ. ನಮ್ಮಲ್ಲಿ ಕನ್ಯಾಸ್ತ್ರೀಯರು ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು ನಿಜ. ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆ 1886ರಷ್ಟು ಹಳೆಯದು. ಆದರೆ ಧಾರ್ಮಿಕ ವ್ರತ ಸ್ವೀಕರಿಸಿದವರು ವೈದ್ಯರಾಗಿ ಕೆಲಸ ಮಾಡುವುದಕ್ಕೆ, ವಿಶೇಷವಾಗಿ ಹೆರಿಗೆ ಮಾಡಿಸುವುದಕ್ಕೆ, ಧರ್ಮಸಭೆಯ ಕಾನೂನಿನ ಅಡ್ಡಿ ಇತ್ತು. ಗಂಡಸರ ಕಣ್ಣಿಗೆ ಬೀಳಬಾರದೆಂದು ಮನೆಯೊಳಗೇ ಉಳಿದು ಹೆರಿಗೆಯಲ್ಲಿ ಸಾಯುತ್ತಿದ್ದ ಉತ್ತರ ಭಾರತದ ಹೆಂಗಸರ ಸಂಕಟವನ್ನು ಕೇಳಿದ ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್‌ಲಾರೆನ್, ಅರುವತ್ತು ದಾಟಿದ ಮೇಲೆ ಕಥೋಲಿಕಳಾದವರು, ಇಳಿವಯಸ್ಸಿನಲ್ಲಿ ಈ ನಿಷೇಧ ತೆರವಾಗಲೆಂದು ರೋಮಿಗೆ ಹೋಗಿ ಬೇಡಿಕೊಂಡರು. ಅದು ನೆರವೇರುವ ಮೊದಲೇ, 1913ರಲ್ಲಿ ಕಣ್ಣು ಮುಚ್ಚಿದರು. ಅವರು ಆರಂಭಿಸಲು ನೆರವಾದ ರಾವಲ್ಪಿಂಡಿಯ ಹೆಂಗಸರ ಆಸ್ಪತ್ರೆಗೆ 1920ರಲ್ಲಿ ಆಸ್ಟ್ರಿಯದ ಅನ್ನಾ ಡೆಂಗೆಲ್ ಎಂಬ ತರುಣ ವೈದ್ಯೆ ಬಂದರು. ಕೆಲವು ವರ್ಷ ಹೆಚ್ಚುಕಡಿಮೆ ಒಬ್ಬರೇ ದುಡಿದು ಬಸವಳಿದರು. ಒಬ್ಬ ವೈದ್ಯೆಯಿಂದ ಇದು ಆಗದು, ಬಳಗವೇ ಬೇಕು ಎಂಬ ಅರಿವು ಅವರಿಗೆ ಬಂದದ್ದು ಆ ಆಯಾಸದಿಂದ. 1925ರಲ್ಲಿ ಅವರು ವೈದ್ಯ ಮಿಷನರಿ ಸೋದರಿಯರ ಸಭೆಯನ್ನು ಸ್ಥಾಪಿಸಿದರು. ರೋಮಿನ ಅನುಮತಿ ಬಂದದ್ದು 1936ರಲ್ಲಿ.

ಮೆಕ್‌ಲಾರೆನ್‌ರನ್ನು ಕುರಿತ ಒಂದು ಕಿರುಹೊತ್ತಗೆ ದೂರದ ಆಸ್ಟ್ರೇಲಿಯದಲ್ಲಿ ಡಾ. ಮೇರಿ ಗ್ಲೋರಿ ಎಂಬವರ ಕೈಗೆ 1915ರಲ್ಲಿ ಸಿಕ್ಕಿತು. ಮೆಲ್ಬೋರ್ನಿನಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ಆ ವೈದ್ಯೆ 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. ವೈದ್ಯವೃತ್ತಿಯನ್ನು ಮುಂದುವರಿಸಲು ವಿಶ್ವಗುರುಗಳು ಅವರಿಗೆ ವಿಶೇಷ ಅನುಮತಿ ನೀಡಿದ್ದರು. ತೆಲುಗು ನಾಡಿನ ಬಡವರ ನಡುವೆ ಅವರೂ ದೀರ್ಘಕಾಲ ಒಬ್ಬರೇ ವೈದ್ಯೆ. ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆ, ಸೂಲಗಿತ್ತಿತನ, ಔಷಧ ತಯಾರಿಕೆಯನ್ನು ಕಲಿಸಿ ತಮ್ಮ ಕೈಗಳನ್ನು ತಾವೇ ಹೆಚ್ಚಿಸಿಕೊಂಡರು. 1943ರ ಜುಲೈ 29ರಂದು ಹದಿನಾರು ಧಾರ್ಮಿಕ ಸೋದರಿಯರು ಒಂದುಗೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದಾಗ ಮುಂದೆ ನಿಂತವರು ಅವರೇ. ಭಾರತಕ್ಕೆ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಬೇಕೆಂಬುದು ಅವರ ಬಹುದಿನದ ಬಯಕೆ. ಅದನ್ನು ಕಾಣುವ ಮೊದಲೇ 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲೇ ಅವರು ತೀರಿಕೊಂಡರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಭಾರತದ ಧರ್ಮಾಧ್ಯಕ್ಷರು ಸಂತ ಜಾನ್ಸ್ ವೈದ್ಯಕೀಯ ಕಾಲೇಜನ್ನು ತೆರೆದರು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ಡೆಂಗೆಲ್, ಗ್ಲೋರಿ ಇಬ್ಬರ ಬದುಕಿನಲ್ಲೂ ಸಂಘ ಹುಟ್ಟಿದ್ದು ಒಂಟಿತನದೊಳಗಿಂದ. ವಾರ್ಷಿಕ ಸಮ್ಮೇಳನ, ಶಾಲು ಹೊದಿಸುವಿಕೆ, ಗುಂಪಿನ ಭಾವಚಿತ್ರ, ಇವಿಷ್ಟೇ ಸಂಘವೆಂದು ನಾವು ತಿಳಿದುಕೊಂಡಿದ್ದೇವೆ. ದೂರದ ಊರಿನಲ್ಲಿ ಒಬ್ಬಂಟಿಯಾಗಿ ರೋಗಿಯ ಮುಂದೆ ನಿಂತವನ ಬೆನ್ನಿಗೆ ಇನ್ನೊಬ್ಬರು ಇರುವುದೇ ವೈದ್ಯರ ಬಳಗದ ಮೂಲ ಅರ್ಥ. 1993ರಲ್ಲಿ ಆರಂಭವಾದ ಭಾರತದ ಸೋದರಿ ವೈದ್ಯೆಯರ ವೇದಿಕೆಯ ಹಿಂದೆಯೂ ಇದೇ ಅಗತ್ಯ ಕಾಣುತ್ತದೆ. ಬೇರೆ ಬೇರೆ ಸಭೆಗಳಿಗೆ ಸೇರಿದ ಸುಮಾರು ಸಾವಿರ ವೈದ್ಯೆ ಕನ್ಯಾಸ್ತ್ರೀಯರು ಇಂದು ಅದರಲ್ಲಿದ್ದಾರೆ. ಇವರಲ್ಲಿ ಅನೇಕರು ದುಡಿಯುವುದು ದಾರಿ ಸರಿಯಿಲ್ಲದ ಊರುಗಳ ಸಣ್ಣ ಆಸ್ಪತ್ರೆಗಳಲ್ಲಿ.

ಹಾವು ಕಚ್ಚಿದ ಹೆಣ್ಣುಮಗಳ ಬಳಿಗೆ ಮತ್ತೆ ಬರೋಣ. ನಡುರಾತ್ರಿ ತರುಣ ವೈದ್ಯ ಪ್ರತಿವಿಷದ ಬಾಟಲಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದಾನೆ. ಆ ಹೊತ್ತಿನಲ್ಲಿ ಬೆಂಗಳೂರಿನಲ್ಲೋ ಸಿಕಂದರಾಬಾದಿನಲ್ಲೋ ಇರುವ ಹಿರಿಯ ವೈದ್ಯರೊಬ್ಬರು ದೂರವಾಣಿಯಲ್ಲಿ, “ಶುರು ಮಾಡಪ್ಪಾ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೋ, ನಾನು ಫೋನು ಇಡುವುದಿಲ್ಲ” ಎಂದರೆ ಆ ಹೆಣ್ಣುಮಗಳು ಬದುಕುವ ಸಂಭವ ಹೆಚ್ಚು. ಕಲ್ಲುಗಣಿಯವನ ಎಕ್ಸ್‌ರೇ ಚಿತ್ರವನ್ನು ಮೊಬೈಲಿನಲ್ಲೇ ಕಳಿಸಿ, ಇದು ಕ್ಷಯವೋ ದೂಳಿನ ರೋಗವೋ ಎಂದು ತಜ್ಞರನ್ನು ಕೇಳುವುದು ಈಗ ಎರಡು ನಿಮಿಷದ ಕೆಲಸ. ಇದಕ್ಕೆ ಹೊಸ ಕಟ್ಟಡ ಬೇಡ, ಶಿಲಾನ್ಯಾಸ ಬೇಡ. ಬೇಕಾದದ್ದು ಆ ಕಡೆಯಲ್ಲಿ ಎಚ್ಚರವಿರುವ ಒಬ್ಬ ಹಿರಿಯ, ಈ ಕಡೆಯಲ್ಲಿ ಸೇಡಂನಲ್ಲೋ ಚಿಂಚೋಳಿಯಲ್ಲೋ ಉಳಿಯಲು ಒಪ್ಪಿದ ಒಬ್ಬ ಕಿರಿಯ. ಮೊದಲನೆಯವರು ಸಿಗುತ್ತಾರೆ. ಎರಡನೆಯವರನ್ನು ಕೊಡಬೇಕಾದವರು ನಾವು, ನಮ್ಮ ಕುಟುಂಬಗಳು.

ಇಷ್ಟು ವರ್ಷ ಈ ಭಾರವನ್ನು ಕನ್ಯಾಸ್ತ್ರೀಯರ ಹೆಗಲಿಗೆ ಬಿಟ್ಟು ನಾವು ನಿರಾಳವಾಗಿದ್ದೆವು. ಸಿಸ್ಟರ್ ಡಾಕ್ಟರ್ ಇದ್ದಾರೆ, ನೋಡಿಕೊಳ್ಳುತ್ತಾರೆ ಎಂಬ ಭರವಸೆ. ಈಗ ಕಾನ್ವೆಂಟುಗಳಿಗೆ ಸೇರುವ ಹೆಣ್ಣುಮಕ್ಕಳ ಸಂಖ್ಯೆ ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಇಳಿದಿದೆಯೆಂಬುದು ಯಾರಿಗೂ ಗುಟ್ಟಲ್ಲ. ಒಂದೋ ಎರಡೋ ಮಕ್ಕಳಿರುವ ಮನೆಗಳಿಂದ ದೈವಕರೆ ಹೆಚ್ಚಾಗಲಿ ಎಂದು ಪ್ರಾರ್ಥಿಸುವುದು ಸರಿ. ಅದರ ಜೊತೆಗೇ, ಮದುವೆಯಾಗಿ ಸಂಸಾರ ಹೂಡುವ ವೈದ್ಯನಿಗೂ ವೈದ್ಯೆಗೂ ದೇವರು ಕರೆ ಕೊಡಬಲ್ಲನೆಂಬುದನ್ನು ನಾವು ನಂಬಬೇಡವೇ? ಧರ್ಮಸಭೆ ನಂಬಿದೆ. ರೋಗಿಗಳಿಂದ ಹಣ ಪಡೆಯುವ ಬದಲು ಎಷ್ಟೋ ಬಾರಿ ತಾವೇ ಹಣ ಕೊಟ್ಟು ಕಳುಹಿಸುತ್ತಿದ್ದ ನೇಪಲ್ಸಿನ ಜುಸೆಪ್ಪೆ ಮೊಸ್ಕಾತಿ 1987ರಲ್ಲಿ ಸಂತರಾದರು. ಅವರು ಗುರುವಲ್ಲ, ಶ್ರೀಸಾಮಾನ್ಯ ವಿಶ್ವಾಸಿ. 2004ರಲ್ಲಿ ಸಂತಳಾದ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ನಾಲ್ಕು ಮಕ್ಕಳ ತಾಯಿ. ಬಡವರ ವೈದ್ಯನೆಂದೇ ಹೆಸರಾದ ವೆನೆಜುವೆಲಾದ ಹೋಸೆ ಗ್ರೆಗೋರಿಯೊ ಹೆರ್ನಾಂಡೆಸ್‌ರನ್ನು ವಿಶ್ವಗುರು ಹದಿನಾಲ್ಕನೆಯ ಲಿಯೊ 2025ರ ಅಕ್ಟೋಬರ್ 19ರಂದು ಸಂತರ ಪಂಕ್ತಿಗೆ ಸೇರಿಸಿದರು. ಸನ್ಯಾಸಿಯಾಗಬೇಕೆಂದು ಹೊರಟ ಅವರು ಅನಾರೋಗ್ಯದಿಂದ ಮರಳಿ ಬಂದು ವೈದ್ಯರಾಗಿಯೇ ಉಳಿದರು. 1919ರಲ್ಲಿ ಬಡ ರೋಗಿಯೊಬ್ಬರಿಗೆ ಔಷಧ ಒಯ್ಯುವ ದಾರಿಯಲ್ಲಿ ಮೋಟಾರು ಗಾಡಿ ತಗಲಿ ತೀರಿಕೊಂಡರು.

ಈಗ ಮನೆಯೊಳಗಿನ ಮಾತಿಗೆ ಬರೋಣ. ಸಂತ ಜಾನ್ಸ್‌ನಲ್ಲಿ ಕಲಿತವರು ಎರಡು ವರ್ಷ ಗ್ರಾಮೀಣ ಸೇವೆ ಮಾಡಬೇಕೆಂಬುದು ಆ ಕಾಲೇಜಿನ ಹಳೆಯ ಕಟ್ಟಳೆ. ಹಳ್ಳಿಗಳ ಮಿಷನ್ ಆಸ್ಪತ್ರೆಗಳಿಗೆ ವೈದ್ಯರನ್ನು ತಯಾರಿಸುವುದೇ ಅದು ಹುಟ್ಟಿದ ಉದ್ದೇಶಗಳಲ್ಲೊಂದು. ಕರ್ನಾಟಕ ಸರ್ಕಾರವೂ 2012ರ ಕಾಯಿದೆಯ ಮೂಲಕ ವೈದ್ಯ ಪದವೀಧರರಿಗೆ ಒಂದು ವರ್ಷದ ಸೇವೆಯನ್ನು ಗೊತ್ತುಪಡಿಸಿತು. ಇಂಥ ಷರತ್ತಿನ ಹೆಸರು ಬಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವ ಪ್ರಶ್ನೆ, ಎಷ್ಟು ಹಣ ಕಟ್ಟಿದರೆ ಬಿಡುಗಡೆ ಎಂಬುದು. ಬಾಂಡ್ ಎಂಬ ಪದವನ್ನೇ ನಾವು ಸೆರೆಮನೆಯ ವಾಸದಂತೆ ಉಚ್ಚರಿಸುತ್ತೇವೆ. ಕಥೋಲಿಕ ವಿದ್ಯಾರ್ಥಿಯೆಂದು ಪ್ರವೇಶಕ್ಕೆ ಅರ್ಜಿ ಹಾಕುವಾಗ ಧರ್ಮಕೇಂದ್ರದ ಗುರುಗಳ ಸಹಿ ಬೇಕು. ಕಲಿತು ಮುಗಿದ ಮೇಲೆ ಧರ್ಮಕೇಂದ್ರದ ನೆನಪು ಬೇಡ. ಈ ಮಾತು ಕಟುವೆನಿಸಿದರೆ ಕ್ಷಮೆಯಿರಲಿ, ಆದರೆ ಹಿಂದೆಗೆದುಕೊಳ್ಳಲಾರೆವು.

ತಂದೆತಾಯಿಗಳ ಆತಂಕಗಳಲ್ಲಿ ಕೆಲವು ನ್ಯಾಯವಾದವೇ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಬಡ್ಡಿ ಏರುತ್ತಿರುತ್ತದೆ. ಮಗಳನ್ನು ಗೊತ್ತಿಲ್ಲದ ಊರಿಗೆ ಒಬ್ಬಳನ್ನೇ ಕಳಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಸ್ನಾತಕೋತ್ತರ ಪ್ರವೇಶದ ಪರೀಕ್ಷೆಗೆ ಓದುವ ವರ್ಷಗಳು ಕೈತಪ್ಪುತ್ತವೆ. ಮದುವೆಯಾದ ವೈದ್ಯನಾದರೆ ಹೆಂಡತಿಗೆ ಕೆಲಸ ಎಲ್ಲಿ, ಮಕ್ಕಳಿಗೆ ಶಾಲೆ ಎಲ್ಲಿ ಎಂಬ ಚಿಂತೆ. ಇವಕ್ಕೆ ತ್ಯಾಗದ ಪ್ರವಚನ ಉತ್ತರವಲ್ಲ. ಮನೆ, ಬಡ್ಡಿ, ಶಾಲೆ, ಸುರಕ್ಷೆಗಳ ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ಪೂಜ್ಯ ರಾಬರ್ಟ್ ಮೈಕೆಲ್ ಮಿರಾಂದರು ಅದರ ಮೊದಲ ಧರ್ಮಾಧ್ಯಕ್ಷರು. ಕರಾವಳಿಯ ಹಳೆಯ ಧರ್ಮಕ್ಷೇತ್ರಗಳ ಮುಂದೆ ವಯಸ್ಸಿನಲ್ಲೂ ಜನಸಂಖ್ಯೆಯಲ್ಲೂ ಸಂಪತ್ತಿನಲ್ಲೂ ಅದು ಚಿಕ್ಕದು. ರೈಲ್ವೆಗೂ ಕಾರ್ಖಾನೆಗೂ ನೌಕರಿಗೆ ಬಂದ ಕುಟುಂಬಗಳು, ಅಲ್ಲಲ್ಲಿ ಚದುರಿದ ಸ್ಥಳೀಯ ವಿಶ್ವಾಸಿಗಳು, ಅಷ್ಟೇ ಬಳಗ. ಅವರ ಮೇಲೆಯೇ ಈ ಹೊರೆ ಹಾಕುವುದು ಅನ್ಯಾಯ. ದಕ್ಷಿಣ ಕನ್ನಡ, ಉಡುಪಿ, ಬೆಂಗಳೂರುಗಳ ದೊಡ್ಡ ಧರ್ಮಕೇಂದ್ರಗಳು ವಾರ್ಷಿಕ ಹಬ್ಬದ ದೀಪಾಲಂಕಾರಕ್ಕೂ ಧ್ವನಿವರ್ಧಕಕ್ಕೂ ಸಿಡಿಮದ್ದಿಗೂ ಸುರಿಯುವ ಹಣದ ಒಂದು ಪಾಲನ್ನು ತೆಗೆದಿರಿಸಿದರೆ, ಸೇಡಂ ದಾರಿಯಲ್ಲಿ ಸೇವೆಗೆ ನಿಂತ ಒಬ್ಬ ವೈದ್ಯನ ಸಾಲದ ಎರಡು ವರ್ಷದ ಬಡ್ಡಿಯನ್ನು ಕಟ್ಟಬಹುದು. ಒಂದು ಧರ್ಮಕೇಂದ್ರ, ಒಬ್ಬ ವೈದ್ಯ. ಹಬ್ಬದ ಕಳೆ ಅದರಿಂದ ಕುಂದುವುದೆಂದು ನಮಗನ್ನಿಸುವುದಿಲ್ಲ. ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಅಲ್ಲ, ಇಬ್ಬಿಬ್ಬರಾಗಿ ಕಳುಹಿಸಲಿ. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಕಳುಹಿಸಿದ್ದೂ ಹಾಗೆಯೇ. ಒಬ್ಬಳು ವೈದ್ಯೆ, ಒಬ್ಬಳು ದಾದಿ, ಒಂದೇ ಮನೆ. ದಾದಿಯರನ್ನು ಕೊಡುವುದರಲ್ಲಂತೂ ನಮ್ಮ ಕುಟುಂಬಗಳು ಯಾರಿಗೂ ಕಡಿಮೆಯಿಲ್ಲ. ಕೊಲ್ಲಿ ದೇಶಗಳ ಆಸ್ಪತ್ರೆಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಪ್ರತ್ಯೇಕ ಮಿಷನ್ ಆಸ್ಪತ್ರೆಯನ್ನೇ ಕಟ್ಟಬೇಕೆಂದೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರ್ಕಾರದ ಹುದ್ದೆಗೇ ಸೇರಿ ಸೇವೆ ಮಾಡಿದರೂ ಅದು ಸೇವೆಯೇ. ಸಾಮಾನು ಅಲ್ಲಿದೆ, ಔಷಧ ಅಲ್ಲಿದೆ, ರೋಗಿಗಳೂ ಅಲ್ಲಿಗೇ ಬರುತ್ತಾರೆ. ಬೀದರ್, ಕಲಬುರಗಿ ಜಿಲ್ಲ್ಲೆಗಳಲ್ಲಿ ಮೆಥೊಡಿಸ್ಟ್ ಸಹೋದರರು ನಮಗಿಂತ ಹೆಚ್ಚು ಸಂಖ್ಯೆಯಲ್ಲಿದ್ದಾರೆ; ಅವರ ವೈದ್ಯರೊಡನೆ ಕೈಜೋಡಿಸಲು ಯಾವ ಸಂಕೋಚವೂ ಬೇಡ. 2020ರಲ್ಲಿ ಕೋವಿಡ್ ಬಂದಾಗ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಆರೋಗ್ಯ ಸಂಘಗಳು ಒಟ್ಟಾಗಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ ಸೇವೆಯನ್ನು ಕೇಂದ್ರ ಸರ್ಕಾರಕ್ಕೆ ಸಮರ್ಪಿಸಿದ್ದವಲ್ಲ.

ಇಂದಿನ ದಿನಗಳಲ್ಲಿ ಕ್ರೈಸ್ತ ವೈದ್ಯನೊಬ್ಬ ಹಳ್ಳಿಗೆ ಹೊರಟರೆ ಅವನ ಉದ್ದೇಶವನ್ನು ಶಂಕಿಸುವವರಿದ್ದಾರೆ. ರೋಗಿಯ ಅಸಹಾಯಕತೆಯನ್ನು ಬಳಸಿಕೊಂಡು ಅವನ ವಿಶ್ವಾಸವನ್ನು ಬೆಲೆಯಾಗಿ ಕೇಳುವವನು ವೈದ್ಯನೂ ಅಲ್ಲ, ಕ್ರೈಸ್ತನೂ ಅಲ್ಲ ಎಂಬುದನ್ನು ನಾವು ಸ್ಪಷ್ಟವಾಗಿ ಹೇಳಬೇಕು. ಹತ್ತು ಕುಷ್ಠರೋಗಿಗಳನ್ನು ಯೇಸು ಗುಣಪಡಿಸಿದಾಗ ತಿರುಗಿ ಬಂದವನು ಒಬ್ಬನೇ, ಅವನೂ ಸಮಾರಿಯದವನು. ಉಳಿದ ಒಂಬತ್ತು ಮಂದಿಗೆ ಕೊಟ್ಟ ಆರೋಗ್ಯವನ್ನು ಸ್ವಾಮಿ ಹಿಂದಕ್ಕೆ ಕೇಳಲಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನ ಸಿಕ್ಕಿರುವುದನ್ನು ಓದುಗರು ಬಲ್ಲರು. ತನ್ನ ಪಂಥವನ್ನೇ ಹೊಗಳಿ ಇತರರದನ್ನು ತೆಗಳಬಾರದು, ಎಲ್ಲ ಪಂಥಗಳ ಸಾರವೂ ಬೆಳೆಯಬೇಕು ಎಂದು ಹೇಳುವ ಹನ್ನೆರಡನೆಯ ಶಿಲಾಶಾಸನದ ಪಾಠ ಅಲ್ಲಿದೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದ್ದೇನೆಂದು ಬೇರೊಂದು ಶಾಸನದಲ್ಲಿ ಹೇಳಿಕೊಂಡವನೂ ಅದೇ ಅರಸ. ಈ ನೆಲಕ್ಕೆ ವೈದ್ಯನನ್ನು ಕಳುಹಿಸುವವರು ಆ ಕಲ್ಲನ್ನೊಮ್ಮೆ ನೋಡಿ ಬಂದರೆ ಒಳ್ಳೆಯದು.

ನಮ್ಮ ಸೂಚನೆ ಇಷ್ಟು. ಈ ವರ್ಷ ವೈದ್ಯಕೀಯ ಪದವಿ ಮುಗಿಸುವ ಮಕ್ಕಳಿರುವ ಮನೆಗಳನ್ನು ಪ್ರತಿ ಧರ್ಮಕೇಂದ್ರವೂ ಗುರುತಿಸಲಿ. ಗುರುಗಳೂ ಪಾಲನಾ ಸಮಿತಿಯವರೂ ಆ ಮನೆಗೆ ಹೋಗಲಿ, ಅಭಿನಂದನೆಯ ಹಾರದ ಜೊತೆಗೆ ಸಾಲದ ಮೊತ್ತವೆಷ್ಟು ಎಂದೂ ಕೇಳಲಿ. ಸಿಕಂದರಾಬಾದಿನ ಆರೋಗ್ಯ ಸಂಘಕ್ಕೂ ಗುಲ್ಬರ್ಗದ ಧರ್ಮಾಧ್ಯಕ್ಷರಿಗೂ ಒಂದೊಂದು ಪತ್ರ ಬರೆದು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಯಾವ ಊರಿಗೆ ಮೊದಲು ಯಾರು ಬೇಕೆಂದು ವಿಚಾರಿಸಲಿ. ಬಾಡಿಗೆಗೆ ಮನೆ ಹುಡುಕುವ ಕೆಲಸವನ್ನು ಆ ಊರಿನ ಕುಟುಂಬಗಳು ವಹಿಸಿಕೊಳ್ಳುವುದು ಕಷ್ಟವಾಗಲಾರದು. ಭಾನುವಾರದ ಊಟಕ್ಕೆ ಕರೆಯುವುದಂತೂ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.